ಮೇಣ ತಿಕ್ಕಿದ ಕಮಾನು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎರಡು ವಾಸನೆ ಇತ್ತು ಮಕ್ಕಳೇ, ಒಂದು ಬೆಲ್ಲದ್ದು, ಇನ್ನೊಂದು ರಾಳದ್ದು. ಅಪ್ಪ ಮಂಡಿ ಮೊಹಲ್ಲಾದ ಬೆಲ್ಲದ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಸಂಜೆ ಬಂದವರೇ ಸೀಗೆಪುಡಿಯಲ್ಲಿ ಕೈಯ ಅಂಟು ತೊಳೆದು, ಚಾಪೆಯ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಂಡು ನುಡಿಸುತ್ತಿದ್ದರು. ಕಮಾನಿನ ಕೂದಲಿಗೆ ರಾಳ ತಿಕ್ಕಿಕೊಡುವುದು ನನ್ನ ಕೆಲಸ. ರಾಳವಿಲ್ಲದಿದ್ದರೆ ಕೂದಲು ತಂತಿಯ ಮೇಲೆ ಜಾರಿಹೋಗುತ್ತದೆ, ನಾದವೇ ಬರುವುದಿಲ್ಲ.

"ತಕ್ಕಡಿ ಹಿಡಿಯೋ ಕೈಗ್ಯಾಕಪ್ಪಾ ಪಿಟೀಲು?" ಎಂದು ಮಂಡಿಯವರು ಆಡಿಕೊಳ್ಳುತ್ತಿದ್ದರು. ನಾಲ್ಕು ಜನರ ಮುಂದೆ ಒಂದು ಸಲ ನುಡಿಸಬೇಕು ಎಂಬುದೊಂದೇ ಅಪ್ಪನ ಆಸೆ. ಒಂದು ವರ್ಷ ಚರ್ಚಿನ ವಾದ್ಯಗೋಷ್ಠಿಯ ಪಿಟೀಲಿನವರೊಬ್ಬರು ಬೇರೆ ಊರಿಗೆ ವರ್ಗವಾಗಿ, ಕುರ್ಚಿ ಖಾಲಿಯಾಯಿತು. ಗೋಷ್ಠಿಯ ಮೇಷ್ಟ್ರು ಅಪ್ಪನನ್ನು ಕ್ರಿಸ್‌ಮಸ್‌ಗೆ ಕರೆದರು. ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು!

ಅಲ್ಲಿ ಕುರ್ಚಿಯ ಮೇಲೆ ಕೂತು, ಪಿಟೀಲನ್ನು ಗದ್ದದಡಿ ಇಟ್ಟುಕೊಂಡು ನುಡಿಸಬೇಕು. ಅಪ್ಪ ತಿಂಗಳಿಡೀ ಬೆಲ್ಲದ ಖಾಲಿ ಪೆಟ್ಟಿಗೆಯ ಮೇಲೆ ಕೂತು, ಕತ್ತು ಉಳುಕಿಸಿಕೊಂಡು ಅದನ್ನು ಕಲಿತರು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರಿಸುವ ನಮ್ಮ ಸಂಗೀತದ ರೂಢಿ ಮಾತ್ರ ಅವರ ಕೈಬಿಡಲಿಲ್ಲ. "ಜಾರಿಸ್ಬೇಡಿ ಕಣ್ರೀ, ಸ್ವರ ನೆಟ್ಟಗೆ ನಿಲ್ಲಿಸಿ" ಎಂದು ಮೇಷ್ಟ್ರು ಹೇಳಿ ಹೇಳಿ ಸೋತರು.

ಕ್ರಿಸ್‌ಮಸ್ ಬೆಳಿಗ್ಗೆ ಅಪ್ಪ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಮಂಡಿಯವರೂ ಬಂದು ಹಿಂದೆ ನಿಂತಿದ್ದರು. ಒಳಗೆಲ್ಲ ಹೊಸ ಬಟ್ಟೆಯ, ಹೂವಿನ, ಮೇಣದ ಬತ್ತಿಯ ವಾಸನೆ. ಅಪ್ಪ ಕೈ ತೊಳೆಯಲು ಹೊರಗೆ ಹೋದರು. ಆಗ ಮೇಷ್ಟ್ರು ಬಂದು ಅಪ್ಪನ ಕಮಾನು ಎತ್ತಿಕೊಂಡು, ಕೂದಲಿನ ಉದ್ದಕ್ಕೂ ಒಂದು ಮೇಣದ ಬತ್ತಿ ತಿಕ್ಕಿ, ಇದ್ದ ಜಾಗದಲ್ಲೇ ಇಟ್ಟು ಹೋದರು. ನಾನು ಅಲ್ಲೇ ನಿಂತು ನೋಡಿದೆ. ಆಯುಧಪೂಜೆಯ ದಿನ ನಾವು ತಕ್ಕಡಿಗೆ ಕುಂಕುಮ ಹಚ್ಚುವುದಿಲ್ಲವೇ, ಇವರಲ್ಲಿ ಹಬ್ಬಕ್ಕೆ ವಾದ್ಯಕ್ಕೆ ಮೇಣ ಹಚ್ಚುತ್ತಾರೆ ಅಂದುಕೊಂಡೆ. ನನಗೆ ಖುಷಿಯೇ ಆಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹಾಡು ಶುರುವಾಯಿತು. ಅಪ್ಪ ಕಮಾನು ಎಳೆದರು. ಸದ್ದಿಲ್ಲ. ಒತ್ತಿ ಎಳೆದರು. ಊಹೂಂ. ಅಪ್ಪನ ಕಿವಿ ಕೆಂಪಾಯಿತು. ಆದರೂ ಎದ್ದು ಹೋಗಲಿಲ್ಲ ನೋಡಿ. ಪಕ್ಕದವರ ಕಮಾನು ಮೇಲೆ ಹೋದರೆ ತಾವೂ ಮೇಲೆ, ಕೆಳಗೆ ಬಂದರೆ ತಾವೂ ಕೆಳಗೆ, ಕೊನೆಯ ಹಾಡಿನವರೆಗೂ ಸುಮ್ಮನೆ ಕೈಯಾಡಿಸಿದರು.

ಮುಗಿದ ಮೇಲೆ ಮೇಷ್ಟ್ರು ಕೇಕು ಕೊಟ್ಟು "ಚೆನ್ನಾಗಿತ್ತು ಕಣ್ರೀ" ಎಂದರು. ಮಂಡಿಯವರು ಬೆನ್ನು ತಟ್ಟಿ, "ಎಲ್ಲಾರ್ದಕ್ಕಿಂತ ನಿನ್ ಪಿಟೀಲೇ ಎದ್ದು ಕೇಳಿಸ್ತು ಕಣಪ್ಪಾ" ಎಂದರು. ಅಪ್ಪ ನಕ್ಕರು.

ದಾರಿಯಲ್ಲಿ ಅಪ್ಪ ಕಮಾನನ್ನು ಮೂಸಿ ನೋಡಿದರು. ನಾನು ಕಂಡದ್ದನ್ನು ಹೇಳಿಬಿಟ್ಟೆ. ಅಕ್ಕ ನನ್ನ ತಲೆಗೆ ಮೊಟಕಿ, "ಆಗ್ಲೇ ಬಾಯ್ ಬುಡೋಕೆ ಏನಾಗಿತ್ತೇ ನಿಂಗೆ?" ಎಂದಳು.

"ಬುಡವ್ವ, ಅವಳಿಗೇನ್ ಗೊತ್ತು" ಎಂದರು ಅಪ್ಪ. "ಮೇಷ್ಟ್ರು ಬ್ಯಾಡ ಅಂದಿದ್ರೆ ನಾನೇ ಎದ್ದು ಹೋಗ್ತಿದ್ದೆ. ಕುರ್ಚಿ ತುಂಬೋಕೆ ಕರೆದ್ರು ಕಣವ್ವ, ಅಷ್ಟೇಯ."

ರಾಳ ತಿಕ್ಕುವ ಕೆಲಸ ನನಗೆ ಮತ್ತೆಂದೂ ಸಿಗಲಿಲ್ಲ. ಮನೆಯಲ್ಲಿ ಬೆಲ್ಲದ ವಾಸನೆ ಒಂದೇ ಉಳಿಯಿತು.

ಈಗ ನೀವು ದಟ್ಟಗಳ್ಳಿಯ ದೊಡ್ಡ ಶಾಲೆಯಲ್ಲಿ ಓದುತ್ತೀರಿ, ಹಾಡುವವರಿಗೆಲ್ಲ ಕೈಗೊಂದು ಮೈಕು. ಮೊನ್ನೆ ಕ್ರಿಸ್‌ಮಸ್ ಹಾಡಿನಲ್ಲಿ ಶ್ರುತಿ ತಪ್ಪುವ ಹುಡುಗನ ಮೈಕನ್ನು ಆಫ್ ಮಾಡಿಟ್ಟಿದ್ದರು, ಅವನು ಗಂಟಲು ಹರಿಯುವಂತೆ ಹಾಡಿದ ಎಂದು ಬಿದ್ದು ಬಿದ್ದು ನಗುತ್ತಾ ಹೇಳಿದಿರಿ. ನಮ್ಮ ಕಾಲಕ್ಕೆ ಮೇಣ ಬೇಕಿತ್ತು, ನಿಮ್ಮ ಕಾಲಕ್ಕೆ ಒಂದು ಗುಂಡಿ ಸಾಕು. ಆದರೆ ನಾನು ಗೊತ್ತಿಲ್ಲದೆ ಸುಮ್ಮನಿದ್ದೆ. ನಿಮಗೆ ಗೊತ್ತಿತ್ತಲ್ಲ, ಮಕ್ಕಳೇ.