ಹಿಮದ ಹಲಗೆಗೆ ಸಾಣೆ

ಜಾರುವುದಕ್ಕೆಂದೇ ಜನ ನಾಲ್ಕು ತಾಸು ಕಾರು ಓಡಿಸಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ ಎಂದು ಈ ದೇಶಕ್ಕೆ ಬರುವ ಮುಂಚೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರೂ ಮೊದಲು ಬೈಗುಳ, ಆಮೇಲೆ ಎಣ್ಣೆ ತಿಕ್ಕುವುದು. ಇಲ್ಲಿ ಕಾಲಿಗೆ ಎರಡು ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಬೇಕೆಂದೇ ಜಾರುತ್ತಾರೆ, ಅದಕ್ಕೆ ಟಿಕೆಟು ಬೇರೆ. ಆ ಹಲಗೆಗಳಿಗೆ ಸ್ಕೀ ಎನ್ನುತ್ತಾರೆ. ತಳದ ಎರಡೂ ಅಂಚಿಗೆ ಉಕ್ಕಿನ ಸಪೂರ ಪಟ್ಟಿ ಇರುತ್ತದೆ, ಅದನ್ನು ಆಗಾಗ ಮಸೆಯಬೇಕು. ಮಸೆಯುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂತು.

ಮೊದಲೇ ಹೇಳಿಬಿಡುತ್ತೇನೆ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಹಿಮ ಬೀಳುವುದಿಲ್ಲ. ನನ್ನ ತಂಗಿ ಪ್ರತಿ ಪತ್ರದಲ್ಲೂ ಹಿಮ ಬಿತ್ತೇನು ಎಂದು ಕೇಳುತ್ತಾಳೆ, ನಾನು ಪ್ರತಿ ಸಲವೂ ನಿಂಬೆ ಗಿಡದ ಸುದ್ದಿ ಬರೆಯುತ್ತೇನೆ. ಇಲ್ಲಿ ಚಳಿಗಾಲವೆಂದರೆ ಮಳೆಗಾಲ. ಹಿಮ ಬೇಕಾದವರು ಫ್ರೀವೇ, ಅಂದರೆ ಸಿಗ್ನಲ್ಲೇ ಇಲ್ಲದ ಹೆದ್ದಾರಿ, ಹಿಡಿದು ಪೂರ್ವದ ಬೆಟ್ಟಗಳಿಗೆ ಹೋಗಬೇಕು. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಮನೆಯವರಿಗೆ ಮೆನ್ಲೋ ಪಾರ್ಕಿನಲ್ಲಿ ಕೆಲಸ ಸಿಕ್ಕಿ ನಾವು ಬಂದೆವು. ಜೊತೆಗೆ ಅತ್ತೆಯವರೂ ಬಂದರು, ಮಗಳು ರಶ್ಮಿಗೆ ಆಗ ಎಂಟು ವರ್ಷ. ರಸ್ತೆಯ ಆಚೆ ಲಾಸ್ ಆಲ್ಟೋಸಿನ ದೊಡ್ಡ ದೊಡ್ಡ ಮನೆಗಳು, ಈಚೆ ನಮ್ಮ ಎರಡು ಕೋಣೆಯ ಅಪಾರ್ಟ್‌ಮೆಂಟು.

ಮೊದಲ ವರ್ಷಗಳಲ್ಲಿ ನಾನು ಒಂಟಿಯಾಗಿದ್ದೆ, ಆದರೆ ನನ್ನದು ಸಹಿಸುವಂಥದು. ರಶ್ಮಿಯದು ಸಹಿಸುವಂತಿರಲಿಲ್ಲ. ಶಾಲೆಯಲ್ಲಿ ಊಟದ ಹೊತ್ತಿಗೆ ಚಪಾತಿ ಸುರುಳಿಯನ್ನು ಮರದ ಕೆಳಗೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ಹನ್ನೊಂದನೆಯ ವಯಸ್ಸಿಗೆ ಶಾಲೆಯ ಸ್ಕೀ ಕ್ಲಬ್ಬು ಸೇರಿದಳು. ಕ್ಯಾರನ್ ಎಂಬ ಹುಡುಗಿ ಬಸ್ಸಿನಲ್ಲಿ ಇವಳಿಗೆಂದು ಪಕ್ಕದ ಸೀಟು ಹಿಡಿದಿಟ್ಟಳು. ಆ ಸೀಟಿನ ಸುದ್ದಿಯನ್ನು ರಶ್ಮಿ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಆದರೆ ಮಾರ್ಚಿ ತಿಂಗಳಲ್ಲಿ ಹಿಮ ಹಗಲು ಕರಗಿ ರಾತ್ರಿ ಗಟ್ಟಿಯಾಗಿ ಬೆಳಿಗ್ಗೆ ಗಾಜಿನಂತಾಗುತ್ತದೆ. ಯಾರೋ ಬಳಸಿ ಬಿಟ್ಟಿದ್ದ ಅವಳ ಹಲಗೆಗಳ ಅಂಚು ಸವೆದು ಗುಂಡಗಾಗಿ ಆ ಗಟ್ಟಿ ಹಿಮವನ್ನು ಹಿಡಿಯುತ್ತಿರಲಿಲ್ಲ. ಗೆಳತಿಯರು ನಿಂತಲ್ಲಿ ಇವಳು ನಿಲ್ಲಲಾಗದೆ ಬೇಲಿಯವರೆಗೂ ಜಾರಿಹೋದಳು. ಮನೆಗೆ ಬಂದವಳು ಮುಂದಿನ ವರ್ಷ ಕ್ಲಬ್ಬಿಗೆ ಹೋಗುವುದಿಲ್ಲ ಎಂದಳು. ಅವಳು ಮತ್ತೆ ಆ ಮರದ ಕೆಳಗೆ ಹೋಗಿ ಕೂರುತ್ತಾಳೆಂದು ನನಗೆ ಹೆದರಿಕೆಯಾಯಿತು.

ಪಕ್ಕದ ಮನೆಯ ಡೊರಥಿ ಎಳೆಯ ವಯಸ್ಸಿನಿಂದ ಸ್ಕೀ ಮಾಡಿದವರು. ವಯಸ್ಸಾದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳಲಿಲ್ಲ. ಅತ್ತೆಯವರು ನಮ್ಮ ಕಡೆ ಹಿರಿಯ ಹೆಂಗಸರನ್ನು ಕರೆಯುವಂತೆ 'ಡೊರತಿ ಬಾಯಾರು' ಎಂದು ಕರೆದು ಆ ತೊಡಕನ್ನು ಬಿಡಿಸಿಬಿಟ್ಟರು. ಕಾರು ನಿಲ್ಲಿಸುವ ಚಪ್ಪರದಲ್ಲಿ ಹಲಗೆಯನ್ನು ಅಡ್ಡಡ್ಡ ನಿಲ್ಲಿಸಿ ಬಿಗಿದು, ಉಕ್ಕು ಉಜ್ಜುವ ಅರವನ್ನು ಒಂದೇ ದಿಕ್ಕಿಗೆ, ಮುಂದಿನಿಂದ ಹಿಂದಕ್ಕೆ, ಎಳೆಯುವುದನ್ನು ಆಕೆ ತೋರಿಸಿದರು. ಹಿಂದೆ ಮುಂದೆ ಉಜ್ಜಬಾರದು. ಕೊನೆಗೆ ನುಣುಪು ಸಾಣೆಕಲ್ಲಿನಿಂದ ಅಂಚಿನಲ್ಲಿ ಎದ್ದ ಉಕ್ಕಿನ ಸಣ್ಣ ಮುಳ್ಳು ತೆಗೆಯಬೇಕು. ಉಗುರನ್ನು ಅಂಚಿನ ಮೇಲೆ ಎಳೆದಾಗ ಬಿಳಿ ಪುಡಿ ಬಂದರೆ ಧಾರೆ ಬಂದಂತೆ. ತಳಕ್ಕೆ ಮೇಣ ಇಸ್ತ್ರಿ ಮಾಡಬೇಕೆಂದಾಗ ಊರಿನಿಂದ ಹೊತ್ತು ತಂದಿದ್ದ ನನ್ನ ಇಸ್ತ್ರಿಪೆಟ್ಟಿಗೆಯನ್ನು ಸಂಭ್ರಮದಿಂದ ತೆಗೆದೆ. ಊರಿನದರ ಅರ್ಧದಷ್ಟೇ ಇರುವ ಇಲ್ಲಿಯ ಕರೆಂಟಿಗೆ ಅದು ಮೇಣ ಕರಗುವಷ್ಟು ಕಾಯಲಿಲ್ಲ.

ಧಾರವಾಡದಲ್ಲಿ ನಮ್ಮ ಓಣಿಗೆ ಸಾಣೆಯವನು ಚಕ್ರ ಹೊತ್ತು ಬರುತ್ತಿದ್ದ, ಈಳಿಗೆ ಕೊಟ್ಟು ಕಟ್ಟೆಯ ಮೇಲೆ ಹರಟೆ ಹೊಡೆದರಾಯಿತು. ಇಲ್ಲಿ ಅಂಗಡಿಗೆ ಕೊಟ್ಟರೆ ವಾರಗಟ್ಟಲೆ ಕಾಯಬೇಕು, ಆದ್ದರಿಂದ ಗಂಡಸರು ಹೆಂಗಸರು ಎನ್ನದೆ ಮನೆಯಲ್ಲೇ ಮಸೆಯುತ್ತಾರೆ. ನನಗೆ ಆ ಕೆಲಸ ಹಿಡಿಸಿತು. ಇಂಗ್ಲಿಷಿನಲ್ಲಿ ತಡವರಿಸುವ ನನಗೆ ಅರದ ಸದ್ದು ಸಲೀಸಾಗಿ ಅರ್ಥವಾಗುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ, ಒಂದು ಬೆರಳಗಲವೂ ಬಿಡದೆ ಮಸೆದೆ.

ಖಂಡೇನವಮಿ ಬಂತು, ನಮ್ಮ ಕಡೆ ಹತ್ಯಾರಗಳಿಗೆ ಪೂಜೆ ಮಾಡುವ ದಿನ. ಅತ್ತೆಯವರ ಲೆಕ್ಕದಲ್ಲಿ ಧಾರೆಯಿದ್ದದ್ದೆಲ್ಲ ಹತ್ಯಾರವೇ. ಈಳಿಗೆ, ಕತ್ತರಿ, ಕಾರಿನ ಕೀಲಿಯ ಜೊತೆ ರಶ್ಮಿಯ ಹಲಗೆಗಳಿಗೂ ಅರಿಸಿನ ಕುಂಕುಮವಾಯಿತು. ಫ್ರೆಂಡ್ಸು ನೋಡಿದರೆ ನಗುತ್ತಾರೆಂದು ರಶ್ಮಿ ಇಂಗ್ಲಿಷಿನಲ್ಲಿ ಗೊಣಗಿದಳು, ಅಜ್ಜಿ ಧಾರವಾಡದ ಮಾತಿನಲ್ಲಿ ಸುಮ್ಮನಾಗಿಸಿದರು. ಪ್ರಸಾದಕ್ಕೆ ಬಂದ ಡೊರಥಿ ಅಂಚಿನ ಮೇಲೆ ಬೆರಳಾಡಿಸಿ ನನ್ನನ್ನು ಹೊಗಳಿದರು. ಆಮೇಲೆ, ಎರಡೂ ತುದಿಯಲ್ಲಿ ಒಂದೊಂದು ಗೇಣು ಮೊಂಡ ಮಾಡಿಬಿಡು, ಇಲ್ಲದಿದ್ದರೆ ತಿರುಗುವಾಗ ತುದಿ ಹಿಮವನ್ನು ಕಚ್ಚಿಕೊಳ್ಳುತ್ತದೆ ಎಂದರು. ತಮ್ಮ ಜೇಬಿನ ಒರಟು ಸಾಣೆಕಲ್ಲನ್ನೂ ನನಗೆ ಕೊಟ್ಟು ಹೋದರು. ಅತ್ತೆಯವರಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಪೂಜಿ ಆದ ಹತ್ಯಾರದ ಧಾರಿ ಯಾರಾರ ಕೆಡಸ್ತಾರೇನ, ಸುಮಾ?" ಎಂದರು ಅವರು. "ಹಂಗ ಇರ್ಲಿ ಬಿಡು."

ದಶಮಿ ಮುಗಿದ ಮೇಲಾದರೂ ಮಾಡಬಹುದಿತ್ತು. ಆದರೆ ಕಷ್ಟಪಟ್ಟು ತಂದ ಧಾರೆಯನ್ನು ಕೈಯಾರೆ ಕೆಡಿಸಲು ನನಗೂ ಮನಸ್ಸು ಬರಲಿಲ್ಲ. ಈಳಿಗೆಯ ಮುಂದೆ ಬೆಳೆದವರು ನಾವಿಬ್ಬರೂ.

ಇನ್ನೊಂದು ಸಲ ನೋಡುತ್ತೇನೆ ಎಂದು ರಶ್ಮಿ ಒಪ್ಪಿದ್ದೇ ಹೆಚ್ಚು. ಡಿಸೆಂಬರಿನಲ್ಲಿ ಕ್ಲಬ್ಬಿನ ಜೊತೆ ನಾವೂ ಕಾರಿನಲ್ಲಿ ಹೋದೆವು. ನಮ್ಮ ಮನೆಯವರ ಎರಡು ಪ್ಯಾಂಟು ಒಂದರ ಮೇಲೊಂದು ಹಾಕಿಕೊಂಡು, ಹಣೆಗೆ ಕುಂಕುಮವಿಟ್ಟು ನಾನು ಇಳಿಜಾರಿನ ಬದಿಗೆ ನಿಂತೆ. ರಶ್ಮಿ ನೇರವಾಗಿ ಚೆನ್ನಾಗಿಯೇ ಬಂದಳು. ತಿರುಗಲು ಹೋದಾಗ ತುದಿ ಹಿಮದಲ್ಲಿ ಸಿಕ್ಕಿ ಮಗುಚಿ ಬಿದ್ದಳು. ಎದ್ದಳು, ತಿರುಗಿದಳು, ಮತ್ತೆ ಬಿದ್ದಳು. ಕೆಳಗೆ ಕಾಯುತ್ತಿದ್ದ ಕ್ಯಾರನ್ ಸ್ವಲ್ಪ ಹೊತ್ತು ನೋಡಿ ಬೇರೆಯವರ ಜೊತೆ ಹೊರಟುಹೋದಳು. ನಾನು ಹತ್ತಿರ ಹೋಗುವಷ್ಟರಲ್ಲಿ ರಶ್ಮಿ ಹಲಗೆಗಳನ್ನು ಕಳಚಿ ಅಳುತ್ತ ಹಿಮದಲ್ಲೇ ಕೂತಿದ್ದಳು.

"ಐ ಆಮ್ ಡನ್, ಅಮ್ಮಾ," ಎಂದಳು. "ಮನೀಗೆ ಹೋಗೋಣ."

ಬಹಳ ದಿನಗಳ ಮೇಲೆ ಅವಳು ತಾನಾಗಿ ಆಡಿದ ಕನ್ನಡ ಅದು. ಇಂಥ ಮಾತಿಗೆ ಬಂತಲ್ಲ ಎಂದುಕೊಂಡೆ. ಯಾವುದಕ್ಕೂ ಇರಲೆಂದು ತಂದಿದ್ದ ಡೊರಥಿಯ ಕಲ್ಲು ಕೋಟಿನ ಜೇಬಿನಲ್ಲಿತ್ತು. ಮೊಣಕಾಲೂರಿ ಕೂತು, ಎರಡೂ ತುದಿಯಲ್ಲಿ ನಾನೇ ತಂದ ಧಾರೆಯನ್ನು ನಾನೇ ಉಜ್ಜಿ ತೆಗೆಯತೊಡಗಿದೆ. ಕುಂಕುಮದ ಬಣ್ಣ ಇನ್ನೂ ಹಲಗೆಯ ಮೇಲಿತ್ತು. ಮನಸ್ಸಿನಲ್ಲಿ ದೇವರ ಕ್ಷಮೆ ಕೇಳಿದೆ, ಅತ್ತೆಯವರದ್ದೂ ಕೇಳಿದೆ. ರಶ್ಮಿ ಅಳು ನಿಲ್ಲಿಸಿ, ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ನಾನು ಹೇಳಿದೆ. ಅವಳು ಎರಡನೆಯ ಹಲಗೆಯನ್ನು ತಾನೇ ಹಿಡಿದುಕೊಂಡಳು.

ಆಮೇಲೆ ಹಲಗೆ ತಿರುಗಿತು. ನಡುವಿನ ಧಾರೆ ಹಿಮವನ್ನು ಹಿಡಿಯಿತು, ತುದಿಗಳು ಬಿಟ್ಟುಕೊಟ್ಟವು. ರಶ್ಮಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತ ಕೆಳಗಿಳಿದು ಕ್ಯಾರನ್ ಇದ್ದ ಸಾಲಿಗೆ ಸೇರಿಕೊಂಡಳು. ಹಿಂತಿರುಗಿ ನೋಡಲಿಲ್ಲ. ನನಗೆ ಬಹಳ ಸಂತೋಷವಾಯಿತು, ಅವಳು ಹಿಂತಿರುಗಿ ನೋಡಲಿಲ್ಲವೆಂದು ದುಃಖವೂ ಆಯಿತು.

ರಶ್ಮಿ ಚೆನ್ನಾಗಿ ಮಾಡಿದಳೆಂದಷ್ಟೇ ಅತ್ತೆಯವರಿಗೆ ಹೇಳಿದೆ. ಮರುದಿನ ಅವರು ಹಲಗೆಯ ತುದಿಯ ಮೇಲೆ ಹೆಬ್ಬೆರಳು ಸವರಿ ನೋಡಿದ್ದನ್ನು ಕಿಟಕಿಯಿಂದ ಕಂಡೆ. ಆಮೇಲೆ ಅವರು ಸೆರಗಿಗೆ ಬೆರಳು ಒರೆಸಿಕೊಂಡು ಒಳಗೆ ಬಂದರು.

ಮುಂದೆ ಅತ್ತೆಯವರು ಧಾರವಾಡಕ್ಕೆ ಮರಳಿ, ಹಿರಿಯ ಮಗನ ತುಂಬಿದ ಮನೆಯಲ್ಲಿ ಮೊದಲಿನಂತೆ ಅಡುಗೆಮನೆಯ ಯಜಮಾನಿಕೆ ನಡೆಸತೊಡಗಿದರು. ಬೇಸಿಗೆ ರಜೆಯಲ್ಲಿ ನಾವೂ ಹೋದೆವು. ರಶ್ಮಿ ದೊಡ್ಡಪ್ಪನ ಮಕ್ಕಳ ಜೊತೆ ಅಂಗಳದಲ್ಲಿದ್ದಳು. ಎಣ್ಣೆಗಾಯಿಗೆ ಬದನೆಕಾಯಿ ಬಂದಿತ್ತು, ಈಳಿಗೆಗೆ ಧಾರೆ ಇರಲಿಲ್ಲ. ಸಾಣೆಯವನು ಈಗ ಬರುವುದಿಲ್ಲವೆಂದರು. ಅದಕ್ಕೇನು ಎಂದು ನಾನೇ ಹಿತ್ತಲಲ್ಲಿ ಕೂತು ಮಸೆದು, ಸ್ವಲ್ಪ ಹೆಮ್ಮೆಯಿಂದಲೇ ತಂದುಕೊಟ್ಟೆ. ಬದನೆಕಾಯಿಯ ಹುಳುಕು ಕೀಳಲು ಅತ್ತೆಯವರು ಈಳಿಗೆಯ ತುದಿಗೆ ಒತ್ತಿದರು. ತುದಿ ಹತ್ತಲಿಲ್ಲ. ಹೆಬ್ಬೆರಳಿನಿಂದ ಸವರಿ ನೋಡಿ, ನನ್ನ ಮುಖ ನೋಡಿದರು. ನನ್ನ ಕೈ ನನಗೆ ಹೇಳದೆಯೇ ಈಳಿಗೆಯ ತುದಿಯನ್ನು ಮೊಂಡ ಮಾಡಿಟ್ಟಿತ್ತು.

"ಇದು ಹಿಮದಾಗ ಜಾರೂದಲ್ಲ ಸುಮಾ, ಬದನೀಕಾಯಿ ಹೆಚ್ಚೂದು," ಎಂದರು.

ಅಲ್ಲೇ ಇದ್ದ ಓರಗಿತ್ತಿ ನಕ್ಕರು, ನಾನೂ ನಕ್ಕೆ. ನಾಚಿಕೆಯಾಗಿ ಈಳಿಗೆ ತೆಗೆದುಕೊಂಡು ಏಳುವಷ್ಟರಲ್ಲಿ ಅತ್ತೆಯವರು ನನ್ನ ಕೈ ಹಿಡಿದರು. ಅಂಗಳದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು.

"ಅಲ್ಲೀ ಹಲಗೀ ತುದಿ ಮೊಂಡ ಅದ, ಹೌದಿಲ್ಲೊ?"

"ಅದ, ಅತ್ಯಾ."

"ಹೂಂ. ಅದನ್ನ ಹಂಗ ಇಡು," ಎಂದು ಕೈ ಬಿಟ್ಟರು. ನಾನು ಈಳಿಗೆ ಹಿಡಿದು ಮತ್ತೆ ಹಿತ್ತಲಿಗೆ ಹೋದೆ.