ಮಾಶಾಕನ ಹಕ್ಕಿಗಳಿಗೆ ಕಟ್ಟು

ಲಕ್ಷ್ಮೇಶ್ವರದ ಅರ್ಧ ಅಂಗಡಿಗಳಿಗೆ ಹೆಸರು ಬರೆದವನು ಬೋರ್ಡ್ ಪೇಂಟರ್ ಮಾಶಾಕ. ತನ್ನ ಹೆಸರನ್ನು ಮಾತ್ರ ತಗಡಿನ ಕಟ್ಟಕಡೆಯ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ ಬರೆಯುತ್ತಿದ್ದ. ಒಂದು ಬೆರಳು ಮೇಲೆ ಬಂದರೂ ಮಾಲೀಕರು, “ಅಂಗಡಿ ನಂದೋ, ನಿಂದೋ ಲೇ?” ಎನ್ನುತ್ತಿದ್ದರು. ಫ್ಲೆಕ್ಸ್ ಬಂದಮೇಲೆ ಬೋರ್ಡುಗಳೆಲ್ಲ ಗುಜರಿಗೆ ಹೋದವು.

ಕೆಲಸವಿಲ್ಲದ ಒಂದು ಚಳಿಗಾಲ ಅವನು ಮಾಗಡಿ ಕೆರೆಯ ದಂಡೆಯಲ್ಲಿ ಕೂತು, ವಲಸೆ ಬಂದ ಹೆಬ್ಬಾತುಗಳನ್ನು ಕ್ಯಾನ್ವಾಸಿನ ಮೇಲೆ ಬರೆದ. ಯಾರೂ ಹೇಳದೆ ಬರೆದ ಮೊದಲ ಚಿತ್ರ. ಮುಗಿಸಿದ ಮೇಲೆ ಕೈ ರೂಢಿಯಂತೆ ತಾನಾಗಿ ಕೆಳಗಿನ ಅಂಚಿಗೆ ಇಳಿದು ಸಹಿ ಹಾಕಿತು.

ಊರಿನ ಕಲಾಭಿಮಾನಿ ಬಳಗದ ಅಧ್ಯಕ್ಷರು ಸಿದ್ದಲಿಂಗೇಶ. ಕಲೆಯ ಮೇಲೆ ಅವರಿಗೆ ಎಷ್ಟು ಅಭಿಮಾನವೆಂದರೆ, ಅದರ ಬಗ್ಗೆ ಮಾತಾಡಲು ಬೇರೆ ಯಾರಿಗೂ ಬಿಟ್ಟವರಲ್ಲ. ಬಳಗದ ಹೊಸ ಸಭಾಭವನಕ್ಕೆ ಅವರು ಈ ಚಿತ್ರ ಕೇಳಿದರು. ಮಾಶಾಕ ಪುಕ್ಕಟೆ ಕೊಟ್ಟ. ಗೋಡೆಯ ಮೇಲೆ ತನ್ನ ಹೆಸರು ಉಳಿಯುತ್ತದಲ್ಲ, ಅವನಿಗೆ ಅಷ್ಟು ಸಾಕಿತ್ತು.

ಚಿತ್ರಗಳಿಗೆ ಗಾಜು, ಕಟ್ಟು ಹಾಕುವ ಕರೀಮಸಾಬ ಅಂಚಿಗೆ ಕಟ್ಟಿಗೆಯ ಪಟ್ಟಿ ಹಿಡಿದು ನೋಡಿ, “ಮಾಶಾಕಭಾಯಿ, ಕಟ್ಟು ಹಾಕಿದ್ರ ನಿನ್ನ ಹೆಸರು ಮುಚ್ಚಿ ಹೋಗ್ತೈತಿ ನೋಡು” ಎಂದ.

ಮಾಶಾಕ ಅಧ್ಯಕ್ಷರನ್ನು ಕೇಳಿದ: “ಸ್ವಲ್ಪ ಮ್ಯಾಲೆ ಬರೀಲೇನ್ರಿ ಸರ್?”

“ನೀರಾಗ ಅಕ್ಷರ ತೇಲಸ್ತಿಯೇನೋ? ಚಿತ್ರ ಹೋಗಿ ಬೋರ್ಡ್ ಅಕ್ಕೈತಿ! ಕಟ್ಟು ಬ್ಯಾಡಂದ್ರ ಹಂಗ ತೂಗಹಾಕೂಣು. ಧೂಳ ಕುಂತು ಹಾಳಾದ್ರ ನಮ್ಮನ್ನ ಕೇಳಬ್ಯಾಡ. ನೀನ ವಿಚಾರ ಮಾಡು.”

ಹೀಗೆ ಅವನಿಗೆ ಜೀವನದಲ್ಲಿ ಮೊದಲ ಸಲ ನಿರ್ಧಾರದ ಸ್ವಾತಂತ್ರ್ಯ ಸಿಕ್ಕಿತು.

ಮನೆಯಲ್ಲಿ ಹೆಂಡತಿ ಮೆಹಬೂಬಿ, “ಕಟ್ಟು ಬ್ಯಾಡ ಅನ್ರಿ. ಹಾಳಾಗೂತನಕಾದ್ರೂ ನಿಮ್ಮ ಹೆಸರು ಮಂದಿ ಓದ್ಲಿ” ಎಂದಳು.

“ಹಕ್ಕಿ ಹಾಳಾದ ಮ್ಯಾಲೆ ಹೆಸರು ಇಟ್ಕೊಂಡು ಏನ್ ಮಾಡ್ಲಿ?”

“ಹಕ್ಕೀನೂ ಅವರಿಗೆ, ಗ್ವಾಡಿನೂ ಅವರಿಗೆ. ನಿಮಗೇನು, ಕುಂಚ ತೊಳಿಯೂದು?”

ಮಾಶಾಕ ಹೋಗಿ, ಕಟ್ಟು ಹಾಕಲು ಹೇಳಿ ಬಂದ.

ಕಟ್ಟಾದ ಮೇಲೆ ಅಧ್ಯಕ್ಷರಿಗೆ ಒಂದು ವಿಚಾರ ಹೊಳೆಯಿತು. ಫ್ಯಾನಿನ ರೆಕ್ಕೆಗೂ ದಾನಿಯ ಹೆಸರು ಬರೆಸುವ ಊರಿನಲ್ಲಿ, ಕಟ್ಟಿನ ದುಡ್ಡು ಕೊಟ್ಟ ತಮ್ಮ ಹೆಸರು ಕಟ್ಟಿನ ಮೇಲೆ ಬೇಡವೆ? “ಬಾರಲೇ ಮಾಶಾಕ, ಕೆಳಗಿನ ಪಟ್ಟಿ ಮ್ಯಾಲೆ ನನ್ನ ಹೆಸರು ದಪ್ಪಗ ಬರಿ.”

“ಕಟ್ಟಿನ ಕೊಡುಗೆ ಅಂತ ಸೇರಸ್ಲೇನ್ರಿ?”

“ಜಾಗ ಎಲ್ಲೈತಿ? ಹೆಸರು ಸಣ್ಣದಾಗ್ತೈತಿ.”

ಮಾಶಾಕ ಬಂಗಾರದ ಬಣ್ಣದಲ್ಲಿ ಬರೆದ. ಸಿಟ್ಟಿಗಾದರೂ ಒಂದಕ್ಷರ ಸೊಟ್ಟ ಮಾಡಬಹುದಿತ್ತು, ಕೈ ಕೇಳಲಿಲ್ಲ.

ಉದ್ಘಾಟನೆಗೆ ಗದಗಿನಿಂದ ಬಂದ ಅತಿಥಿ ಚಿತ್ರದ ಮುಂದೆ ನಿಂತು, ಕೆಳಗಿನ ಹೆಸರು ಓದಿದರು. “ಸಿದ್ದಲಿಂಗೇಶ ಅವರೇ, ನೀವು ಇಷ್ಟು ಚಂದ ಚಿತ್ರ ಬರೀತೀರಿ ಅನ್ನೂದು ಖಬರ ಇರಲಿಲ್ಲ ಬಿಡ್ರಿ!”

ಅಧ್ಯಕ್ಷರು ಬಾಗಿಲ ಬಳಿ ನಿಂತಿದ್ದ ಮಾಶಾಕನ ಕಡೆ ನೋಡಿದರು. ಮಾಶಾಕನೂ ಅವರನ್ನೇ ನೋಡಿದ. ಆಮೇಲೆ ಅವರು ಕಣ್ಣು ತಗ್ಗಿಸಿ, “ಏನೋ ರೀ, ಬಿಡುವಾದಾಗ…” ಎಂದರು.

ಮಂದಿ ಚಪ್ಪಾಳೆ ತಟ್ಟಿದರು. ಮಾಶಾಕ ಮಾತ್ರ ಕೈಕಟ್ಟಿಕೊಂಡೇ ನಿಂತಿದ್ದ. ಆ ಉದ್ಧಟತನವನ್ನು ಬಳಗ ಇನ್ನೂ ಕ್ಷಮಿಸಿಲ್ಲ.