ಕುಂಕುಮ ಹಚ್ಚಿದ ಹಡಗಿನ ಪುಸ್ತಕ

ಮೊನ್ನೆ ಟ್ರಂಕು ತೆಗೆದಾಗ ಹಳೆಯ ಸೀರೆಗಳ ಅಡಿಯಿಂದ ಹರಿಗೋಲಿನ ಚರ್ಮಕ್ಕೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೈ ಹಾಕಿದರೆ ಅದೇ ತೆಳ್ಳನೆಯ ಪುಸ್ತಕ, ರಟ್ಟಿನ ಮೇಲೆ ಅದೇ ಕುಂಕುಮ.

ಕಂಪ್ಲಿಯಲ್ಲಿ ನನ್ನ ಗಂಡನ ಮನೆಯ ಪಕ್ಕದವರು ಹರಿಗೋಲು ಮಾವ, ಓಣಿಯವರೆಲ್ಲ ಕರೆಯುತ್ತಿದ್ದುದೇ ಹಾಗೆ. ಹೊಳೆಯಾಚೆಯ ನಿಜಾಮರ ಸೀಮೆಗೆ ಜನರನ್ನು ದಾಟಿಸುವುದು ಅವರ ಕಸುಬು. ಮೊದಲನೆಯ ಯುದ್ಧದಲ್ಲಿ ದೋಣಿ ನಡೆಸಲು ಬಸ್ರಾಕ್ಕೆ ಹೋಗಿದ್ದರು. ಅಲ್ಲಿ ಸತ್ತ ಬಿಳಿ ದೊರೆಯೊಬ್ಬನ ಪೆಟ್ಟಿಗೆಯಲ್ಲಿ ಈ ಪುಸ್ತಕ ಸಿಕ್ಕಿತಂತೆ. ನೌಕಾಪಡೆ ಹೇಗಿರಬೇಕು, ನಾವಿಕರನ್ನು ಹೇಗೆ ತಯಾರು ಮಾಡಬೇಕು ಎಂದು ಬಹಳ ಹಿಂದೆ ಲಂಡನ್ನಿನಲ್ಲಿ ಯಾರೋ ಅಚ್ಚು ಹಾಕಿಸಿದ್ದು. ಮಾವನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಅವರು ಓದಿದ್ದು ನಡುವಿನ ಚಿತ್ರವನ್ನು ಮಾತ್ರ: ಬರಿಮೈಯ ನಾವಿಕನನ್ನು ಕೈಯಗಲಿಸಿ ಹಡಗಿನ ಹಾಯಿಮರಕ್ಕೆ ಕಟ್ಟಿದ್ದಾರೆ, ಇನ್ನೊಬ್ಬ ಹಗ್ಗದಿಂದ ಬಾರಿಸುತ್ತಿದ್ದಾನೆ. ಹಡಗಿನವನನ್ನು ತಯಾರು ಮಾಡುವ ವಿದ್ಯೆ ಇದೇ ಎಂದು ನಂಬಿಬಿಟ್ಟಿದ್ದರು.

ಎರಡನೆಯ ಯುದ್ಧ ಶುರುವಾದಾಗ ಅವರ ಒಬ್ಬನೇ ಮಗನಿಗೆ ಇಪ್ಪತ್ತು ದಾಟಿತ್ತು. ಹೊಸಪೇಟೆಗೆ ನೌಕಾಪಡೆಗೆ ಆಳು ಸೇರಿಸುವ ಭರ್ತಿ ಸಾಹೇಬರು ಬರುವಷ್ಟರಲ್ಲಿ ಅವನನ್ನು ನಾವಿಕನನ್ನಾಗಿ ಮಾಡಲೇಬೇಕೆಂಬ ಹುಚ್ಚು ಮಾವನಿಗೆ ಹಿಡಿಯಿತು. ಹುಟ್ಟು ಹಾಕುವುದು ತಪ್ಪಿದರೆ ಏಟು, ಹಗ್ಗದ ಗಂಟು ಸಡಿಲಾದರೆ ಏಟು. ನೀರಿನಲ್ಲಿ ನೆನೆಸಿದ ಹಗ್ಗ ಬೆನ್ನಿಗೆ ಬೀಳುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಆ ಸದ್ದು ಮುಚ್ಚಲೆಂದೇ ಜೋರಾಗಿ ಬಡಿಯುತ್ತಿದ್ದೆ…

ನಾನು ಆಗ ಹೊಸ ಸೊಸೆ, ಬಳ್ಳಾರಿಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತವಳು. ಮಹಾನವಮಿಯ ದಿನ ಅರಿಶಿನ ಕುಂಕುಮಕ್ಕೆ ಅವರ ಮನೆಗೆ ಹೋದೆ. ಹುಟ್ಟು, ಹಗ್ಗ, ಈ ಪುಸ್ತಕ, ಮೂರನ್ನೂ ಸಾಲಾಗಿಟ್ಟು ಪೂಜೆ ಮಾಡಿದ್ದರು. ಹೆಂಗಸರೆಲ್ಲ ಮಾತಿನಲ್ಲಿದ್ದಾಗ ಪುಸ್ತಕ ಬಿಡಿಸಿ ಓದಿದೆ. ಆ ಪುಣ್ಯಾತ್ಮ ಬರೆದದ್ದು ಮಾವ ನಂಬಿದ್ದಕ್ಕೆ ಪೂರ್ತಿ ತಿರುವುಮುರುವು! ಹೊಡೆತ ತಿಂದವನು ಹಡಗನ್ನು ಪ್ರೀತಿಸಲಾರ, ಈ ಹೀನ ಶಿಕ್ಷೆ ನಿಲ್ಲಲಿ, ಕಲಿಸುವವನಿಗೆ ತಾಳ್ಮೆ ಇರಲಿ ಎಂದಿತ್ತು. ಚಿತ್ರ ಹಾಕಿದ್ದು ನೋಡಿದವರು ನಾಚಿಕೆಪಡಲಿ ಎಂದು.

ಮನೆಗೆ ಬಂದು ಅತ್ತೆಗೆ ಹೇಳಿದೆ.

"ಮಂದಿ ಮನಿ ಉಸಾಬರಿ ನಮಗ್ಯಾಕ? ಸುಮ್ನಿರು," ಅಂದರು ಅತ್ತೆ.

ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಸುಮ್ಮನಿರುವುದು ನನಗೂ ಸುಲಭವಾಗಿತ್ತು.

ಮುಂದಿನ ಮಳೆಗಾಲದಲ್ಲಿ ಹೊಳೆ ತುಂಬಿ ಬಂತು. ಮಗನ ಕೈತಪ್ಪಿ ಹರಿಗೋಲು ಬಂಡೆಗೆ ಬಡಿದು ಅದರ ಚರ್ಮ ಹರಿಯಿತು. ಜನ ಹೇಗೋ ಈಜಿ ಉಳಿದರು. ಅಂದು ಹಾಡಹಗಲೇ ಮಾವ ಅವನನ್ನು ಅಂಗಳದ ಹುಣಸೆಮರಕ್ಕೆ ಕಟ್ಟಿದರು, ಚಿತ್ರದಲ್ಲಿದ್ದ ಹಾಗೆಯೇ, ಕೈಯಗಲಿಸಿ. ಬೆನ್ನಿನ ಚರ್ಮ ಸುಲಿದು ರಕ್ತ ಪಂಚೆಗೆ ಇಳಿಯುತ್ತಿತ್ತು. ಅವನ ಕತ್ತು ವಾಲಿದರೂ ಹಗ್ಗ ನಿಲ್ಲಲಿಲ್ಲ.

ತಲೆಯ ಮೇಲಿನ ಸೆರಗು ಬಿದ್ದದ್ದೂ ನೋಡದೆ ಓಡಿದೆ. ಅವರ ದೇವರ ಗೂಡಿನಿಂದ ಪುಸ್ತಕ ಕಿತ್ತು ತಂದು, ನಡುಅಂಗಳದಲ್ಲಿ ನಿಂತು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಕೂಗಿ ಹೇಳಿದೆ. ಮಾವನ ಕೈ ಗಾಳಿಯಲ್ಲೇ ನಿಂತಿತು.

"ಇನ್ನೊಮ್ಮೆ ಓದ್ರಿ," ಅಂದರು.

ಓದಿದೆ. ಅವರು ಮಗನ ಕಟ್ಟು ಬಿಚ್ಚಿ, ಮುಖಕ್ಕೆ ನೀರೆರಚಿ ಎಬ್ಬಿಸಿ, ಹಗ್ಗ ಅವನ ಕೈಗಿಟ್ಟು, ಎದುರಿಗೆ ನಿಂತರು. "ಹೊಡಿಲೇ," ಅಂದರು.

ಅವನು ಹೊಡೆದ. ಮೊದಲ ಏಟೇ ಮುಖಕ್ಕೆ ಬಿತ್ತು. ಎಡಗಣ್ಣು ಒಡೆದು ರಕ್ತ ಚಿಮ್ಮಿತು. ಮಾವ ಕೈ ಅಡ್ಡ ಹಿಡಿಯಲಿಲ್ಲ. ಅವರು ಮೊಣಕಾಲೂರಿದ ಮೇಲೂ ಅವನು ಹೊಡೆದ, ತೋಳು ಸೋಲುವವರೆಗೆ. ಆಮೇಲೆ ಹಗ್ಗ ಬಿಸಾಕಿ ತುಂಬು ಹೊಳೆಗೆ ಹಾರಿದ. ನಿಜಾಮರ ದಡ ಸೇರಿದನೋ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ…

ಗಾಯ ಮಾಯ್ದ ಮೇಲೆ ಒಂದು ದಿನ ಮಾವ ನಮ್ಮ ಕಟ್ಟೆಗೆ ಬಂದು ಪುಸ್ತಕ ಇಟ್ಟರು.

"ನೀವ ಇಟ್ಕೊಳ್ರಿ. ಒಂದು ಮಾತು ಕೇಳ್ಲೇನ್ರಿ? ಇದನ್ನ ಮೊದಲು ಯಾವಾಗ ಓದಿದ್ರಿ?"

ಸುಳ್ಳು ಹೇಳಬಹುದಿತ್ತು. "ಮಹಾನವಮಿ ದಿನ," ಅಂದೆ.

ಅವರು ಒಂಟಿ ಕಣ್ಣಿನಿಂದ ನನ್ನನ್ನು ನೋಡಿದರು. "ಅವತ್ತಿಗೆ ಒಂಬತ್ತು ತಿಂಗಳಾಗಿತ್ತಲ್ರೀ…" ಅಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮತ್ತೆ ಅವರು ನನ್ನ ಜೊತೆ ಮಾತಾಡಲಿಲ್ಲ.

ಮಾವ ತೀರಿಹೋಗಿ ಎಷ್ಟೋ ಕಾಲವಾಯಿತು. ಇಂಥ ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ, ಒಳ್ಳೆಯ ಬೆಲೆ ಬರುತ್ತದೆ ಎಂದು ಯಾರೋ ಹೇಳಿದರು. ನಾನು ಯಾರಿಗೂ ಕೊಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮತ್ತೆ ಟ್ರಂಕಿನಲ್ಲಿಟ್ಟೆ. ಅವರು ಓದಲು ಬಾರದೆ ಹೊಡೆದರು. ನಾನು ಓದಿಯೂ ರೊಟ್ಟಿ ಬಡಿದೆ.